ಎಕ್ಕ ಹುಟ್ಟಿದ ಜಾಗ ಹಾಳಲ್ಲ: ನಮ್ಮ ಕಾಂಪೌಂಡ್ ಪಕ್ಕದ ಗಿಡದಲ್ಲಿ ಯಾರ್ಯಾರು ವಾಸ ಮಾಡ್ತಾರೆ?

ಈ ಸಲದ ಮಾತು ಒಂದು ಬೈಗುಳದಿಂದ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ಟೀಮಲ್ಲಿ ನಾವು ಮೂರು ಜನ ಕನ್ನಡದವರು. ರಿಲೀಸ್ ದಿನ ಪ್ರೊಡಕ್ಷನ್‌ನಲ್ಲಿ ಏನಾದ್ರೂ ಮುರಿದು ಬಿದ್ರೆ ನಮ್ಮ ಖಾಸಗಿ ಗ್ರೂಪಿನಲ್ಲಿ ಬರೋ ಮೊದಲ ಮೆಸೇಜು: "ಎಕ್ಕುಟ್ಟೋಯ್ತು". ಹಳೇ ಮೈಸೂರು ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎಕ್ಕ ಹುಟ್ಟಿ ಹೋಯ್ತು. ಅಂದ್ರೆ, ಮನುಷ್ಯರು ಓಡಾಡೋದು ನಿಂತು ಅಲ್ಲಿ ಎಕ್ಕದ ಗಿಡ ಎದ್ದಿದೆ, ಪೂರ್ತಿ ಹಾಳಾಗಿದೆ ಅಂತ. ನಮ್ಮೂರು ಶಿರಾ ಕಡೆ. ಚಿಕ್ಕೋರಿದ್ದಾಗ ಈ ಮಾತನ್ನ ದಿನಕ್ಕೆ ಹತ್ತು ಸಲ ಕೇಳಿದ್ದೀವಿ. ಗಿಡವನ್ನೂ ದಿನಾ ನೋಡಿದ್ದೀವಿ. ಎರಡನ್ನೂ ಕೂಡಿಸಿ ಯೋಚನೆ ಮಾಡಿದ್ದು ಮಾತ್ರ ನಾನು ಪುಣೆಗೆ ಬಂದು ಎಂಟು ವರ್ಷ ಆದ್ಮೇಲೆ.

ಮೊದಲೇ ಹೇಳಿಬಿಡ್ತೀನಿ, ನಾನು ಎಂಟೆಕ್ ಮಾಡಿ ಕೋಡ್ ಬರೆಯೋನು, ಸಸ್ಯಶಾಸ್ತ್ರ ಓದಿದವನಲ್ಲ. ಆದ್ರೆ ಒಂದು ತಪ್ಪು ಮಾಡಿದೆ. ಆ ತಪ್ಪಿನ ಹಿಂದೆ ಹೋಗಿ ಒಂದಷ್ಟು ಓದಿದೆ, ಒಂದಷ್ಟು ಕಣ್ಣಾರೆ ನೋಡಿದೆ. ಅದನ್ನೇ ಇಲ್ಲಿ ಹಂಚಿಕೊಳ್ತಿದ್ದೀನಿ.

ನಾನೇ ಹಾಕಿದ ಕಂಪ್ಲೇಂಟು

ನಾವಿರೋದು ವಾಕಡ್ ಹತ್ತಿರದ ಒಂದು ಅಪಾರ್ಟ್‌ಮೆಂಟಲ್ಲಿ. ಹಿಂದಿನ ಕಾಂಪೌಂಡ್ ಗೋಡೆ ಉದ್ದಕ್ಕೂ ಯಾರೂ ನೆಡದ ಏಳೆಂಟು ಎಕ್ಕದ ಗಿಡಗಳಿದ್ವು. ಒಂದು ನವೆಂಬರ್ ಭಾನುವಾರ ಒಂದನೇ ಕ್ಲಾಸಿನ ಮಗಳು ಓಡಿಬಂದು "ಅಪ್ಪಾ, ಅಲ್ಲಿ ಪಟ್ಟಾಪಟ್ಟಿ ಹುಳ ಇದೆ" ಅಂದ್ಲು. ಹೋಗಿ ನೋಡಿದ್ರೆ ಹೌದು, ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳ ಎಲೆ ತಿಂತಾ ಇತ್ತು. ನಾನೇನು ಮಾಡಿದೆ? ಫೋಟೋ ತೆಗೆದೆ. ಸೊಸೈಟಿ ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕಿದೆ: "ಕಳೆ ಗಿಡ ಬೆಳೆದಿದೆ, ಹುಳ ಆಗಿದೆ, ಮಕ್ಕಳು ಆಡುವ ಜಾಗ, ದಯವಿಟ್ಟು ತೆಗೆಸಿ." ಎರಡೇ ದಿನದಲ್ಲಿ ಗಿಡಗಳನ್ನ ಬುಡಕ್ಕೆ ಕಡಿದು ಟಿಕೆಟ್ ಕ್ಲೋಸ್ ಮಾಡಿದ್ರು. ನಾನು ಐದು ಸ್ಟಾರ್ ಕೊಟ್ಟೆ.

ಮುಂದಿನ ರಥಸಪ್ತಮಿಗೆ ಅಮ್ಮ ಊರಿಂದ ಬಂದಿದ್ರು. ಹಿಂದಿನ ದಿನ ಸಂಜೆ "ನಾಳೆ ಸ್ನಾನಕ್ಕೆ ಏಳು ಎಕ್ಕದೆಲೆ ಬೇಕು ಕಣೋ" ಅಂದ್ರು. ತಲೆ ಮೇಲೊಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು ಇಟ್ಟುಕೊಂಡು ನೀರು ಹಾಕ್ಕೊಳ್ಳೋದು ನಮ್ಮನೆ ಪದ್ಧತಿ. ಸೂರ್ಯನ ಹಬ್ಬಕ್ಕೆ ಎಕ್ಕ ಯಾಕೆ ಅಂದ್ರೆ, ಸಂಸ್ಕೃತದಲ್ಲಿ ಅರ್ಕ ಅಂದ್ರೆ ಸೂರ್ಯನೂ ಹೌದು, ಈ ಗಿಡವೂ ಹೌದು. ನಮ್ಮ ಎಕ್ಕ ಆ ಅರ್ಕದ ತದ್ಭವ. ಹಿಂದಿಯ ಆಕ್ ಕೂಡ ಅದೇ ಮೂಲದ್ದು.

ಅಮ್ಮನ್ನ ಹಿಂದಿನ ಗೋಡೆ ಹತ್ತಿರ ಕರ್ಕೊಂಡು ಹೋದೆ. ಇದ್ದಿದ್ದು ಬರೀ ಮೋಟು. ಅದರ ಪಕ್ಕ ಗೇಣುದ್ದದ ಚಿಗುರು, ಅಷ್ಟೆ. "ಯಾರು ಕಡಿದದ್ದು?" ಅಂದ್ರು. ನಾನು ಸುಮ್ಮನಿದ್ದೆ. ನಮ್ಮ ಮಾಳಿ ಕಾಕಾ ಪಕ್ಕದ ಖಾಲಿ ಸೈಟಿಗೆ ಕರ್ಕೊಂಡು ಹೋದ್ರು. ಮರಾಠಿಯಲ್ಲಿ ಇದು ರುಯಿ. ಇಲ್ಲಿ ಶನಿವಾರ ಮಾರುತಿ ಗುಡಿ ಮುಂದೆ ರುಯಿ ಎಲೆ ಹಾರ ಮಾರ್ತಾರಲ್ಲ, ಅದೇ. ಅಮ್ಮ ಎಲೆ ಕೀಳ್ತಾ ಕೀಳ್ತಾ ಒಂದು ಎಲೆ ಮಗುಚಿ ನೋಡಿ ಕೈ ಬಿಟ್ರು. "ಇದು ಬೇಡ. ಇದರಲ್ಲಿ ಯಾರೋ ಇದ್ದಾರೆ" ಅಂದ್ರು. ಬಗ್ಗಿ ನೋಡಿದ್ರೆ ಅದೇ ಪಟ್ಟಾಪಟ್ಟಿ ಹುಳ.

ಆವತ್ತು ರಾತ್ರಿ ನನ್ನ ಹಳೇ ಕಂಪ್ಲೇಂಟಿನ ಫೋಟೋ ತೆಗೆದು ಹುಡುಕಿದೆ. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಕಿತ್ತಳೆ ಬಣ್ಣದ ರೆಕ್ಕೆ, ಅಂಚಿಗೆ ಕಪ್ಪು, ಅದರಲ್ಲಿ ಬಿಳಿ ಚುಕ್ಕೆ, ನೀವೆಲ್ಲ ನೋಡಿರ್ತೀರ. ಅದು ಎಕ್ಕ ಮತ್ತು ಎಕ್ಕದ ಬಂಧುಗಳಾದ ಹಾಲುಗಿಡಗಳನ್ನ ಬಿಟ್ಟು ಬೇರೆ ಎಲೆ ತಿಂದು ಬೆಳೆಯೋದಿಲ್ಲ. ನಾನು "ಹುಳ ಆಗಿದೆ" ಅಂತ ದೂರು ಕೊಟ್ಟು ಊಟದ ತಟ್ಟೆ ಸಮೇತ ಮನೆ ಕೆಡವಿಸಿದ್ದೆ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೋಲಿಕೆ ಇದೆ. ಹಳೇ ಕೋಡಲ್ಲಿ ಯಾರೂ ಕರೆಯದ ಹಾಗೆ ಕಾಣೋ ಫಂಕ್ಷನ್ ಒಂದಿರುತ್ತೆ. ಯಾರು ಅದರ ಮೇಲೆ ಅವಲಂಬಿಸಿದ್ದಾರೆ ಅಂತ ನೋಡದೇ ಡಿಲೀಟ್ ಮಾಡ್ತೀವಿ. ನಮ್ಮ ಸ್ಕ್ರೀನಲ್ಲಿ ಎಲ್ಲಾ ಹಸಿರು. ಮುರಿದಿದ್ದು ಇನ್ನೊಬ್ಬರ ಮನೆಯಲ್ಲಿ. ಬನ್ನಿ, ಈ ಗಿಡದ ಮೇಲೆ ಯಾರ್ಯಾರು ಅವಲಂಬಿಸಿದ್ದಾರೆ ನೋಡೋಣ.

ಹಾಲೇ ಬೀಗ

ಎಕ್ಕದ ಎಲೆ ಮುರಿದ್ರೆ ಬಿಳಿ ಹಾಲು ಬರುತ್ತೆ. ಅದು ಗಿಡದ ರಕ್ಷಣೆ. ಅದರಲ್ಲಿ ಎರಡು ಥರ ಕೆಲಸ ಇದೆ. ಒಂದು, ಅಂಟು. ಪುಟ್ಟ ಹುಳ ಕಚ್ಚಿದ್ರೆ ಬಾಯಿ ಮೆತ್ತಿಕೊಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಇನ್ನೊಂದು, ವಿಷ. ಕಾರ್ಡಿನೊಲೈಡ್ ಅನ್ನೋ ರಾಸಾಯನಿಕಗಳ ಗುಂಪು. ಹೃದಯದ ಕಾಯಿಲೆಗೆ ಕೊಡೋ ಡಿಗಾಕ್ಸಿನ್ ಔಷಧಿ ಕೂಡ ಇದೇ ಬಳಗದ್ದು.

ಪ್ರಾಣಿಗಳ ಜೀವಕೋಶದಲ್ಲಿ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ತರೋ ಒಂದು ಪಂಪ್ ಇರುತ್ತೆ. ನರ ಮಿಡಿಯೋಕೆ, ಹೃದಯ ಬಡಿಯೋಕೆ ಅದು ಬೇಕು. ಕಾರ್ಡಿನೊಲೈಡ್ ಹೋಗಿ ಆ ಪಂಪಿಗೆ ಅಂಟಿಕೊಂಡು ಅದನ್ನ ನಿಲ್ಲಿಸುತ್ತೆ. ದನಗಳು ಹಸಿ ಎಕ್ಕಕ್ಕೆ ಬಾಯಿ ಹಾಕದೇ ಇರೋದು ಇದಕ್ಕೇ. ಬೇಲಿ ಪಕ್ಕ, ಸ್ಮಶಾನದ ಹತ್ತಿರ, ಗೋಮಾಳದಲ್ಲಿ ಬೇರೆಲ್ಲ ಮೇಯ್ದು ಬೋಳಾದಾಗಲೂ ಎಕ್ಕ ಮಾತ್ರ ನಿಂತಿರುತ್ತೆ. ಬೇರು ಆಳಕ್ಕೆ ಇಳಿದಿರುತ್ತೆ, ಎಲೆ ಮೇಲೆ ಮೇಣದ ಪುಡಿ ಇರುತ್ತೆ, ಹಾಗಾಗಿ ನೀರಿಲ್ಲದಿದ್ರೂ ಬದುಕುತ್ತೆ. ಎಕ್ಕ ಬಂದು ಊರು ಹಾಳಾಗಲ್ಲ. ಹಾಳಾದ ಕಡೆ ಬದುಕೋಕೆ ತಾಕತ್ತಿರೋದು ಎಕ್ಕಕ್ಕೆ. ನಮ್ಮ ಬೈಗುಳ ಕಾರಣವನ್ನೂ ಪರಿಣಾಮವನ್ನೂ ತಿರುವುಮುರುವು ಮಾಡಿದೆ.

ವಿಷ ಉಂಡವರು

ಪ್ಲೇನ್ ಟೈಗರ್ ಹೆಣ್ಣು ಎಲೆಯ ಅಡಿಗೆ, ಅದರಲ್ಲೂ ಎಳೆ ಎಲೆ ಹುಡುಕಿ, ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತೆ. ಸಾಸಿವೆಗಿಂತ ಚಿಕ್ಕದು, ಮಾಸಲು ಬಿಳಿ. ಮೂರ್ನಾಲ್ಕು ದಿನಕ್ಕೆ ಮರಿ ಹೊರಗೆ ಬರುತ್ತೆ. ಅದಕ್ಕೆ ಎದುರಾಗೋ ಮೊದಲ ಸಮಸ್ಯೆ ವಿಷ ಅಲ್ಲ, ಅಂಟು. ಪುಟ್ಟ ಮರಿ ಎಲೆ ಮೇಲೆ ದುಂಡಗೆ ಗೀರುತ್ತೆ, ಆ ಗೀರಲ್ಲಿ ಹಾಲು ಸೋರಿಹೋದ ಮೇಲೆ ಒಳಗಿನ ಭಾಗ ತಿನ್ನುತ್ತೆ. ದೊಡ್ಡದಾದ ಮೇಲೆ ಎಲೆಯ ನಡುನರ ಅಥವಾ ತೊಟ್ಟನ್ನ ಅರ್ಧ ಕಚ್ಚಿ ಬಿಡುತ್ತೆ. ಎಲೆ ಜೋತು ಬೀಳುತ್ತೆ, ಹಾಲಿನ ಸರಬರಾಜು ನಿಲ್ಲುತ್ತೆ. ಆಮೇಲೆ ನಿಧಾನವಾಗಿ ಊಟ. ಮೇನ್ ವಾಲ್ವ್ ಮುಚ್ಚಿ ನಲ್ಲಿ ರಿಪೇರಿ ಮಾಡ್ತಾರಲ್ಲ ಪ್ಲಂಬರ್, ಹಾಗೆ.

ವಿಷ? ಈ ಚಿಟ್ಟೆಗಳ ಬಳಗದಲ್ಲಿ ಆ ಸೋಡಿಯಂ ಪಂಪಿನ ಆಕಾರವೇ ಸ್ವಲ್ಪ ಬದಲಾಗಿದೆ. ಕೀಲಿಗೆ ಬೀಗ ಸರಿಹೊಂದಲ್ಲ. ಅಷ್ಟೇ ಅಲ್ಲ, ತಿಂದ ವಿಷವನ್ನ ಮೈಯಲ್ಲಿ ಕೂಡಿಡೋಕೂ ಆಗುತ್ತೆ. ಇದರ ಪ್ರಸಿದ್ಧ ಪ್ರಯೋಗ ನಡೆದದ್ದು ಇದರ ಅಮೆರಿಕದ ದಾಯಾದಿ ಮೊನಾರ್ಕ್ ಚಿಟ್ಟೆ ಮೇಲೆ. 1960ರ ದಶಕದಲ್ಲಿ ಲಿಂಕನ್ ಬ್ರೋವರ್ ಅನ್ನೋ ವಿಜ್ಞಾನಿ ವಿಷವಿದ್ದ ಮೊನಾರ್ಕನ್ನ ಬ್ಲೂ ಜೇ ಹಕ್ಕಿಗೆ ತಿನ್ನಿಸಿದ್ರು. ಹಕ್ಕಿ ವಾಂತಿ ಮಾಡಿತು. ಆಮೇಲೆ ಅಂಥ ಚಿಟ್ಟೆ ಕಂಡ್ರೂ ಬೇಡ ಅಂತ ಬಿಟ್ಟಿತು. ನಮ್ಮ ಪ್ಲೇನ್ ಟೈಗರ್‌ನಲ್ಲಿ ಎಲ್ಲ ಚಿಟ್ಟೆಯಲ್ಲೂ ವಿಷ ಒಂದೇ ಪ್ರಮಾಣದಲ್ಲಿ ಇರಲ್ಲ. ಆದ್ರೆ ಹಕ್ಕಿಗೆ ಅದು ಗೊತ್ತಿಲ್ಲ. ಅದು ಅಷ್ಟು ನಿಧಾನವಾಗಿ, ನೆಲಕ್ಕೆ ಹತ್ತಿರವಾಗಿ, ಯಾರಿಗೂ ಹೆದರದೆ ಹಾರೋದನ್ನ ನೋಡಿದ್ರೆ ನಿಮಗೇ ಅರ್ಥ ಆಗುತ್ತೆ.

ಇಲ್ಲಿಂದ ಮುಂದೆ ಇನ್ನೂ ಮಜವಾಗಿದೆ. ಡನೈಡ್ ಎಗ್‌ಫ್ಲೈ ಅಂತ ಇನ್ನೊಂದು ಚಿಟ್ಟೆ. ಅದರ ಗಂಡು ಕಪ್ಪು, ದೊಡ್ಡ ಬಿಳಿ ಮಚ್ಚೆಗಳಿರುತ್ತೆ. ಹೆಣ್ಣು ಮಾತ್ರ ಥೇಟ್ ಪ್ಲೇನ್ ಟೈಗರ್. ಅದರ ಮರಿ ತಿನ್ನೋದು ಗೋಣಿಸೊಪ್ಪಿನಂಥ ಗಿಡ, ಎಕ್ಕ ಅಲ್ಲ. ನಾವೂ ಸಾರು ಮಾಡ್ತೀವಲ್ಲ, ಅದೇ ಗೋಣಿಸೊಪ್ಪು. ಎಕ್ಕದ ವಿಷ ಅದರ ಮೈಯಲ್ಲಿಲ್ಲ, ಆದ್ರೆ ಅಂಗಿ ಹಾಕ್ಕೊಂಡು ಹಕ್ಕಿಯನ್ನ ಏಮಾರಿಸುತ್ತೆ. ಈ ವೇಷ ನಡೀಬೇಕಾದ್ರೆ ಅದೇ ಊರಲ್ಲಿ ನಿಜವಾದ ಪ್ಲೇನ್ ಟೈಗರ್ ಸಾಕಷ್ಟು ಇರಬೇಕು. ಅದಕ್ಕೆ ಎಕ್ಕ ಇರಬೇಕು. ಎಕ್ಕದ ಮೇಲೆ ಒಂದು ಸಲವೂ ಕೂರದ ಚಿಟ್ಟೆಗೂ ಎಕ್ಕವೇ ಆಧಾರ. ನಮ್ಮ ಭಾಷೆಯಲ್ಲಿ ಟ್ರಾನ್ಸಿಟಿವ್ ಡಿಪೆಂಡೆನ್ಸಿ.

ಹೂವೊಳಗಿನ ಕ್ಲಿಪ್ಪು

ಈಗ ಹೂವು ನೋಡಿ. ಐದು ಎಸಳು, ನಡುವೆ ಐದು ಮೂಲೆಯ ಕಿರೀಟ. ಗಣೇಶನ ಹಬ್ಬಕ್ಕೆ ಎಕ್ಕದ ಹೂವು ತಂದಾಗ ಮಕ್ಕಳು ಆ ಕಿರೀಟ ಬಿಡಿಸಿ ಆಡ್ತಾರೆ. ಅದರೊಳಗೆ ಸಣ್ಣ ಯಂತ್ರ ಇದೆ.

ಬೇರೆ ಹೂಗಳಲ್ಲಿ ಪರಾಗ ಪುಡಿಪುಡಿಯಾಗಿ ಇರುತ್ತೆ. ಎಕ್ಕದಲ್ಲಿ ಪುಡಿ ಇಲ್ಲ. ಪರಾಗವನ್ನೆಲ್ಲ ಮೇಣದಂಥ ಪುಟ್ಟ ಚೀಲಗಳಲ್ಲಿ ತುಂಬಿ, ಎರಡೆರಡು ಚೀಲಕ್ಕೆ ಒಂದು ಕ್ಲಿಪ್ ಹಾಕಿಟ್ಟಿದೆ. ಒಂದು ಹೂವಿಗೆ ಇಂಥ ಐದು ಜೋಡಿ. ಕೀಟ ಮಕರಂದಕ್ಕೆ ಬಂದಾಗ ಕಾಲೋ ಬಾಯಿಯೋ ಒಂದು ಸೀಳಿನೊಳಗೆ ಜಾರುತ್ತೆ. ಎಳೆದುಕೊಂಡ್ರೆ ಕ್ಲಿಪ್ ಕಚ್ಚಿಕೊಂಡು ಚೀಲದ ಜೋಡಿ ಪೂರ್ತಿ ಹೊರಗೆ ಬರುತ್ತೆ. ಮುಂದಿನ ಹೂವಲ್ಲಿ ಆ ಚೀಲ ಅಂಥದೇ ಇನ್ನೊಂದು ಸೀಳಿಗೆ ಸಿಕ್ಕಿ ಅಲ್ಲೇ ಉಳಿಯುತ್ತೆ. ಪರಾಗಸ್ಪರ್ಶ ಆಯ್ತು.

ಎಳೆದುಕೊಳ್ಳೋಕೆ ಶಕ್ತಿ ಬೇಕು. ಸಣ್ಣ ಕೀಟಗಳು ಒಮ್ಮೊಮ್ಮೆ ಕಾಲು ಸಿಕ್ಕಿ ಒದ್ದಾಡ್ತವೆ. ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ನಾವು ದುಂಬಿ ಅಂತೀವಲ್ಲ, ಮರ ಕೊರೆಯೋ ಆ ದಪ್ಪ ಕಪ್ಪು ಜೇನುನೊಣ. ಎಕ್ಕ ಹೆಚ್ಚುಕಡಿಮೆ ವರ್ಷಪೂರ್ತಿ ಹೂ ಬಿಡುತ್ತೆ. ಏಪ್ರಿಲ್, ಮೇ ಬಿಸಿಲಲ್ಲಿ ಸುತ್ತಮುತ್ತ ಒಣಗಿದ್ದಾಗಲೂ ಅಲ್ಲಿ ದುಂಬಿಗೆ ಮಕರಂದ ಸಿಗುತ್ತೆ. ಅದೇ ದುಂಬಿ ಬದನೆ ಹೂವನ್ನ ಗುಂಯ್ ಅಂತ ಅಲುಗಿಸಿ ಪರಾಗ ಉದುರಿಸುತ್ತೆ, ತೊಗರಿ ಹೊಲಕ್ಕೂ ಹೋಗುತ್ತೆ. ಬೇಸಿಗೆಯಲ್ಲಿ ಎಕ್ಕ ಸಾಕಿದ ದುಂಬಿ ಆಮೇಲೆ ನಮ್ಮ ಬೇಳೆಗೂ ದುಡಿಯುತ್ತೆ.

ಉಳಿದ ಬಾಡಿಗೆದಾರರು

ಪಟ್ಟಿ ಇನ್ನೂ ಇದೆ. ಹಳದಿ ಮೈಗೆ ನೀಲಿ ಪಟ್ಟೆಯ ಬಣ್ಣದ ಮಿಡತೆ ಒಂದಿದೆ. ಅದರ ಮುಖ್ಯ ಆಹಾರ ಎಕ್ಕ. ಮರಿಯನ್ನ ಹಿಡಿದ್ರೆ ಪಿಚಕಾರಿ ಥರ ದ್ರವ ಚಿಮ್ಮಿಸುತ್ತೆ. ಕುಡಿಗಳಲ್ಲಿ ಹಳದಿ ಹೇನುಗಳು ಗುಂಪುಗುಂಪಾಗಿ ಇರ್ತವೆ, ಅವುಗಳನ್ನ ತಿನ್ನೋಕೆ ಗುಲಗಂಜಿ ಹುಳಗಳು ಬರ್ತವೆ. ಹೂಗೊಂಚಲಲ್ಲಿ ಬೇಟೆಗೆ ಕಾದು ಕೂರೋ ಜೇಡ ಇರುತ್ತೆ. ಕಾಯಿಯೊಳಗೆ ಬೀಜ ತಿಂದು ಬೆಳೆಯೋ ನೊಣ ಒಂದಿದೆ.

ಕಾಯಿ ಒಣಗಿ ಬಿರಿದಾಗ ರೇಷ್ಮೆಯಂಥ ಹತ್ತಿ ಕಟ್ಟಿಕೊಂಡ ಬೀಜ ಹಾರುತ್ತಲ್ಲ, ನಾವು ಹಿಂದೆ ಓಡಿ ಹಿಡೀತಿದ್ವಲ್ಲ, ಆ ಥರದ ನಯವಾದ ಹತ್ತಿಯನ್ನ ಸೂರಕ್ಕಿ, ಸಿಂಪಿಗದಂಥ ಪುಟ್ಟ ಹಕ್ಕಿಗಳು ಗೂಡಿನೊಳಗೆ ಹಾಸಿಗೆ ಮಾಡ್ತವೆ. ನಿಮ್ಮ ಬಾಲ್ಕನಿಗೆ ಬರೋ ಹಕ್ಕಿಯ ಮನೆ ಸಾಮಾನು ಖಾಲಿ ಸೈಟಿಂದ ಬಂದಿರಬಹುದು.

ನೀವು ಯಾವ ಊರಲ್ಲಿದ್ರೂ ಈ ಗಿಡ ನಿಮಗೆ ಸಿಗುತ್ತೆ. ಹೈದರಾಬಾದಲ್ಲಿ ಜಿಲ್ಲೇಡು ಅಂತ ಕೇಳಿ. ಚೆನ್ನೈನಲ್ಲಿ ಎರುಕ್ಕು, ವಿನಾಯಕ ಚತುರ್ಥಿಗೆ ಬೀದಿ ಬೀದಿಯಲ್ಲಿ ಅದರ ಹೂವಿನ ಹಾರ ಇರುತ್ತೆ. ಮುಂಬೈ, ಪುಣೆಯಲ್ಲಿ ರುಯಿ. ದೆಹಲಿಯಲ್ಲಿ ಆಕ್, ಮದಾರ್. ಆದ್ರೆ ದೆಹಲಿಯವರು ಗಮನಿಸಿ, ನೀವಲ್ಲಿ ನೋಡೋದು ಹೆಚ್ಚಾಗಿ ಇದರ ತಮ್ಮ. ದಕ್ಷಿಣದ ದೊಡ್ಡ ಎಕ್ಕದ ಎಸಳು ನಕ್ಷತ್ರದ ಹಾಗೆ ಚಾಚಿಕೊಂಡು ಹಿಂದಕ್ಕೆ ಬಾಗಿರುತ್ತೆ. ಅಲ್ಲಿನದು ಬಟ್ಟಲಿನ ಹಾಗೆ ಮೇಲಕ್ಕೆ ನಿಂತಿರುತ್ತೆ, ತುದಿಗೆ ನೇರಳೆ ಬಣ್ಣ ಇರುತ್ತೆ. ಪ್ಲೇನ್ ಟೈಗರ್‌ಗೆ ಎರಡೂ ಆಗುತ್ತೆ.

ಮೀಟಿಂಗಲ್ಲಿ ಏನಾಯ್ತು

ಇಷ್ಟೆಲ್ಲ ಓದಿ ನಾನು ಸೊಸೈಟಿ ಮೀಟಿಂಗಲ್ಲಿ "ಚಿಗುರಿರೋ ಎಕ್ಕವನ್ನ ಮತ್ತೆ ಕಡೀಬೇಡಿ" ಅಂತ ಕೇಳಿದೆ. ಮೂರನೇ ಮಹಡಿಯ ಒಬ್ಬರು ಎದ್ದು ನಿಂತು "ಮಗುವಿನ ಕಣ್ಣಿಗೆ ಹಾಲು ಸಿಡಿದ್ರೆ ಜವಾಬ್ದಾರಿ ಯಾರದು?" ಅಂದ್ರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಎಕ್ಕದ ಹಾಲು ಕಣ್ಣಿಗೆ ಬಿದ್ರೆ ಕಾರ್ನಿಯಾ ಊದಿಕೊಳ್ಳುತ್ತೆ. ಎಷ್ಟೋ ಸಲ ಹೆಚ್ಚು ನೋವೇ ಇಲ್ಲದೆ ದೃಷ್ಟಿ ಮಂಜಾಗುತ್ತೆ, ನೋವಿಲ್ಲ ಅಂತ ಜನ ತಡ ಮಾಡ್ತಾರೆ. ಪೂಜೆಗೆ ಹೂವು, ಎಲೆ ಕೀಳುವಾಗಲೂ ಹೀಗಾಗುತ್ತೆ. ಹಾಗೇನಾದ್ರೂ ಆದ್ರೆ ಕಣ್ಣುಜ್ಜಬೇಡಿ, ತಕ್ಷಣ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದು ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಎಲೆ ಮುಟ್ಟಿದ ಮೇಲೆ ಕೈ ತೊಳೀರಿ. ನಮ್ಮ ಮಕ್ಕಳಿಗೆ ನಾವು ಕರೆಂಟ್ ಪ್ಲಗ್ ಬಗ್ಗೆ ಹೇಳಿಕೊಡ್ತೀವಲ್ಲ, ಹಾಗೇ ಇದನ್ನೂ ಹೇಳಿಕೊಡಬೇಕು.

ಕೊನೆಗೆ ಒಪ್ಪಂದ ಹೀಗಾಯ್ತು. ಉಯ್ಯಾಲೆ ಹತ್ತಿರದ ಎರಡು ಗಿಡ ಬೇರು ಸಮೇತ ತೆಗೆಯೋದು. ಹಿಂದಿನ ಗೋಡೆಯ ಆರು ಗಿಡ ಬಿಡೋದು. ಅದಕ್ಕೆ ಮುಂದೆ ಒಂದು ತಂತಿ, ಒಂದು ಬೋರ್ಡು. ಸವರಬೇಕಾದ್ರೆ ಒಂದೇ ದಿನ ಎಲ್ಲಾ ಗಿಡ ಸವರಬಾರದು, ಸವರೋ ಮೊದಲು ಎಲೆಯಡಿ ನೋಡಬೇಕು. ಮಾಳಿ ಕಾಕಾಗೆ ಇದನ್ನ ವಿವರಿಸೋಕೆ ಹೋದ್ರೆ ಅವರೇ ನನಗೆ ಮೊಟ್ಟೆ ಎಲ್ಲಿರುತ್ತೆ ಅಂತ ತೋರಿಸಿದ್ರು. "ಹಾಗಾದ್ರೆ ಆವತ್ತು ಯಾಕೆ ಕಡಿದ್ರಿ ಕಾಕಾ?" ಅಂದೆ. "ಸಾಹೇಬರ ಕಂಪ್ಲೇಂಟ್ ಬಂದಿತ್ತು" ಅಂದ್ರು.

"ಎಕ್ಕ ಅಳಿದು ಹೋಗ್ತಿರೋ ಗಿಡವಾ? ಎಲ್ಲಾ ಕಡೆ ಇದೆಯಲ್ಲ" ಅಂತ ನೀವು ಕೇಳಬಹುದು. ನಿಜ, ಅದು ಅಪರೂಪದ ಗಿಡ ಅಲ್ಲ. ಕಡಿದ್ರೂ ಬುಡದಿಂದ ಚಿಗುರುತ್ತೆ. ಆದ್ರೆ ಚಿಟ್ಟೆಗೆ ದೇಶದಲ್ಲಿ ಎಷ್ಟು ಎಕ್ಕ ಇದೆ ಅನ್ನೋದು ಮುಖ್ಯ ಅಲ್ಲ, ಅದು ಹಾರೋ ದೂರದೊಳಗೆ, ಅದು ಮೊಟ್ಟೆ ಇಡೋ ವಾರದಲ್ಲಿ, ಎಲೆ ಇದೆಯಾ ಅನ್ನೋದು ಮುಖ್ಯ. ಅಮ್ಮ ಎಲೆ ಕಿತ್ತ ಆ ಖಾಲಿ ಸೈಟಿಗೆ ಹೋಳಿ ಮುಗಿದ ಮೇಲೆ ಜೆಸಿಬಿ ಬಂತು. ಒಂದು ಮಧ್ಯಾಹ್ನದಲ್ಲಿ ಎಲ್ಲಾ ಸಪಾಟು. ಬೇರು ಸಮೇತ ಹೋದದ್ದು ಚಿಗುರಲ್ಲ. ನಮ್ಮ ಕಿಟಕಿಯಿಂದ ಕಾಣೋ ಅಷ್ಟು ಜಾಗದಲ್ಲಿ ಈಗ ಉಳಿದಿರೋದು ಆ ಆರೇ ಗಿಡ.

ಹಾಗಂತ ಎಲ್ಲರೂ ಎಕ್ಕ ನೆಡಿ ಅಂತ ಹೇಳ್ತಿಲ್ಲ. ನೆಡೋದೇ ಬೇಡ, ಅದಾಗೇ ಬರುತ್ತೆ. ಮೂರು ಸಣ್ಣ ಕೆಲಸ ಸಾಕು. ಒಂದು, ಮಕ್ಕಳು ಆಡದ ಮೂಲೆಯಲ್ಲಿ ಎದ್ದಿದ್ರೆ ಬಿಟ್ಟುಬಿಡಿ. ಎರಡು, ತೆಗೆಯಲೇಬೇಕು ಅಂದ್ರೆ ಮೊದಲು ಎಲೆ ಮಗುಚಿ ನೋಡಿ. ಮರಿ ಇದ್ರೆ ಎರಡು ವಾರ ಕೊಡಿ. ಮೂರು, ಬಿಳಿ ಎಕ್ಕದ ಬೇರಲ್ಲಿ ಗಣಪತಿ ಇದ್ದಾನೆ ಅಂತ ಗಿಡವನ್ನೇ ಅಗೆದು ಮಾರೋರ ಹತ್ತಿರ ಕೊಳ್ಳಬೇಡಿ. ಗಣಪತಿಗೆ ಹೂವು ಸಾಕು.

ನನ್ನ ಆ ಕಂಪ್ಲೇಂಟ್ ಆ್ಯಪ್‌ನಲ್ಲಿ ಇನ್ನೂ ಹಾಗೇ ಇದೆ. ಸ್ಥಿತಿ: ಪರಿಹರಿಸಲಾಗಿದೆ. ಅಳಿಸೋಕೆ ಆಪ್ಷನ್ ಇಲ್ಲ. ಇರಲಿ ಬಿಡಿ, ನೆನಪಿಗೆ ಬೇಕು. ಫೋಟೋ ದೊಡ್ಡದು ಮಾಡಿ ನೋಡಿದ್ರೆ ಆ ಮರಿಯ ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು ಸ್ಪಷ್ಟವಾಗಿ ಕಾಣುತ್ತೆ. ಕೋಶ ಕಟ್ಟೋಕೆ ಇನ್ನೇನು ಮೂರ್ನಾಲ್ಕು ದಿನ ಇತ್ತೇನೋ.

ನಿನ್ನೆ ಸಂಜೆ ಮಗಳ ಜೊತೆ ಗೋಡೆ ಹತ್ತಿರ ಹೋಗಿದ್ದೆ. ಕೈ ಹಿಂದೆ ಕಟ್ಟಿಕೊಂಡು ನೋಡಬೇಕು ಅನ್ನೋದು ನಮ್ಮಿಬ್ಬರ ನಿಯಮ. ಹೊಸ ಚಿಗುರಲ್ಲಿ ಮೂರು ಮೊಟ್ಟೆ ಎಣಿಸಿದ್ವಿ. ನಿಮ್ಮ ಕಾಂಪೌಂಡ್ ಹಿಂದೆಯೂ ಈ ವಾರ ಒಂದು ಎಲೆ ಮಗುಚಿ ನೋಡಿ.